ಹೊಳಪಿಗೆ ತೆತ್ತ ಬೆಲೆ

ಆಯುಧಪೂಜೆಯ ಹಿಂದಿನ ದಿನ ಹಿತ್ತಾಳೆ ಪಾತ್ರೆಗಳ ಜೊತೆಗೆ ದೇವರ ಪೆಟ್ಟಿಗೆಯಲ್ಲಿದ್ದ ಟಿಪ್ಪು ಕಾಲದ ಎರಡು ತಾಮ್ರದ ಕಾಸುಗಳನ್ನೂ ಹುಣಸೆಹುಳಿ, ಬೂದಿ ಹಾಕಿ ಬೆಳಗುವುದು ಬಾಲ್ಯದಲ್ಲಿ ನನ್ನ ಪಾಲಿನ ಕೆಲಸವಾಗಿತ್ತು. ಅವು ಹೊಳೆದಷ್ಟೂ ಹಿರಿಯರಿಗೆ ಸಂತೋಷ. ನಿವೃತ್ತಿಯ ನಂತರ ಅವನ್ನು ನಾಣ್ಯತಜ್ಞರೊಬ್ಬರಿಗೆ ತೋರಿಸಿದೆ. ಮಸೂರವಿಟ್ಟು ನೋಡಿದ ಅವರು, ‘ಆನೆ ಉಳಿದಿದೆ, ಊರು ಅಳಿಸಿಹೋಗಿದೆ’ ಎಂದರು.

ಟಿಪ್ಪುವಿನ ತಾಮ್ರದ ನಾಣ್ಯಗಳಲ್ಲಿ ಒಂದು ಬದಿ ಆನೆ, ಇನ್ನೊಂದು ಬದಿ ಪಾರಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಶ್ರೀರಂಗಪಟ್ಟಣದಲ್ಲಿ ಅಚ್ಚಾದವು ಇಂದಿಗೂ ಧಾರಾಳವಾಗಿ ದೊರೆಯುತ್ತವೆ. ಬೇರೆ ಕೆಲವು ಟಂಕಸಾಲೆಗಳವು ವಿರಳ. ನನ್ನವು ಎಲ್ಲಿಯವೆಂದು ಇನ್ನು ಹೇಳುವಂತಿಲ್ಲ. ಹಣದ ನಷ್ಟಕ್ಕಿಂತಲೂ, ಚರಿತ್ರೆಯ ಒಂದು ಸಾಕ್ಷ್ಯವನ್ನು ನನ್ನ ಕೈಯಾರೆ ಅಳಿಸಿದೆನೆಂಬುದೇ ಹೆಚ್ಚಿನ ವ್ಯಥೆ.

ಹಳೆಯದೆಲ್ಲವೂ ದುಬಾರಿ ಎಂಬುದು ಭ್ರಮೆ. ಇಲ್ಲಿಯೂ ನಡೆಯುವುದು ಬೇಡಿಕೆ-ಪೂರೈಕೆಯ ನಿಯಮವೇ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿದ್ದ ಆನೆ ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಎದ್ದು, ಹೆಚ್ಚಿನ ನಾಣ್ಯಗಳನ್ನು ಕರಗಿಸಲಾಯಿತು. 1912ರಲ್ಲಿ ತಿದ್ದಿದ ಅಚ್ಚು ಬಂದಿತು. ತೂಕವೂ ಬೆಳ್ಳಿಯ ಪ್ರಮಾಣವೂ ಒಂದೇ ಆದರೂ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ವಿರಳವಾದ 1911ರ ನಾಣ್ಯಕ್ಕೆ. ಅದೂ ಸವೆಯದೆ ಉಳಿದಿದ್ದರೆ.

ಆದ್ದರಿಂದ ಆರೈಕೆಯ ಮೊದಲ ಸೂತ್ರವೆಂದರೆ ಉಜ್ಜದಿರುವುದು. ತಾಮ್ರದ ಮೇಲಿನ ಕಂದು ಪದರ ಕೊಳೆಯಲ್ಲ, ಕಾಲ ಕೊಟ್ಟ ಕವಚ. ಹುಳಿಯ ಆಮ್ಲ ಅದರೊಡನೆ ಲೋಹವನ್ನೂ ತಿನ್ನುತ್ತದೆ. ಬೆರಳಿನ ಬೆವರೂ ಕಲೆಯುಳಿಸುವುದರಿಂದ ನಾಣ್ಯವನ್ನು ಅಂಚಿನಲ್ಲಿಯೇ ಹಿಡಿಯಬೇಕು. ಅಗ್ಗದ ಮೆದು ಪಿವಿಸಿ ಹಾಳೆಗಳು ಕ್ರಮೇಣ ಆಮ್ಲವನ್ನು ಹೊರಬಿಟ್ಟು ಹಸಿರು ಅಂಟು ಕಟ್ಟಿಸುತ್ತವೆ, ಅವು ಬೇಡ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣವಿರಲಿ.

ಹಳೆಯ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುವುದಾಗಿ ಆಮಿಷವೊಡ್ಡಿ, ಮುಂಗಡ ಶುಲ್ಕ ಕೇಳುವವರಿಂದಲೂ ದೂರವಿರಬೇಕು. ಇಂಥವರು ತನ್ನ ಹೆಸರನ್ನೂ ಬಳಸುತ್ತಿದ್ದಾರೆಂದು ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಎಚ್ಚರಿಸಿದೆ. ಇನ್ನೊಂದು ಮಾತು: 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ವಿದೇಶದಲ್ಲಿರುವ ಮೊಮ್ಮಕ್ಕಳಿಗೆ ಪ್ರೀತಿಯಿಂದಲೂ ಅದನ್ನು ಕಳುಹಿಸುವಂತಿಲ್ಲ.

ನನ್ನ ಎರಡು ಕಾಸುಗಳು ಈಗ ಕಾಗದದ ಲಕೋಟೆಯಲ್ಲಿ ನಿಧಾನವಾಗಿ ಮತ್ತೆ ಕಂದಾಗುತ್ತಿವೆ. ಓದುಗರ ಮನೆಗಳಲ್ಲಿಯೂ ಇಂಥವು ಇದ್ದಾವು. ಮುಂದಿನ ಹಬ್ಬಕ್ಕೆ ಪಾತ್ರೆಗಳನ್ನಷ್ಟೇ ಬೆಳಗಿ.