ಸಂಶೋಧನಾ ಲೇಖನಗಳಿಗೆ ಗ್ರಂಥಾಲಯವೇ ದಾರಿ

ವಿಜಯಪುರ: ತಿಕೋಟಾ ಭಾಗದ ದ್ರಾಕ್ಷಿ ಬೆಳೆ ಕುರಿತು ಪ್ರಬಂಧ ಬರೆಯುವ ವಿದ್ಯಾರ್ಥಿ ಗಾಂಧಿ ಚೌಕದಲ್ಲಿ ನಿಂತು ಮೊಬೈಲ್‌ನಲ್ಲಿ ಹುಡುಕಿದರೆ ಲೇಖನಗಳ ಸಾರಾಂಶ ಸಿಗುತ್ತದೆ, ಪೂರ್ಣಪಾಠಕ್ಕೆ ಪ್ರಕಾಶಕರು ಹಣ ಕೇಳುತ್ತಾರೆ. ಎಷ್ಟೋ ವೇಳೆ ಆ ಹಣವನ್ನು ಸರ್ಕಾರ ಅಥವಾ ಕಾಲೇಜು ಮೊದಲೇ ಪಾವತಿಸಿರುತ್ತದೆ.

ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗೆ 6,000 ಕೋಟಿ ರೂ. ವೆಚ್ಚದಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುವುದು ಇದರ ಉದ್ದೇಶ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಇದನ್ನು ನಿರ್ವಹಿಸುತ್ತದೆ. ನಗರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಂಥ ರಾಜ್ಯ ವಿ.ವಿ.ಗಳು ಇದರ ವ್ಯಾಪ್ತಿಗೆ ಬರುತ್ತವೆ. ಖಾಸಗಿ ಆಡಳಿತದ ಕಾಲೇಜುಗಳು ಮೊದಲ ಹಂತದಲ್ಲಿ ಸೇರಿಲ್ಲ. ಅಲ್ಲಿನ ವಿದ್ಯಾರ್ಥಿಗಳು, ಇದೇ ಕೇಂದ್ರದ ‘ಎನ್-ಲಿಸ್ಟ್’ ಸದಸ್ಯತ್ವವನ್ನು ಕಾಲೇಜು ಪಡೆದಿದೆಯೇ ಎಂದು ಗ್ರಂಥಪಾಲಕರಲ್ಲಿ ವಿಚಾರಿಸಬೇಕು. ಸದಸ್ಯತ್ವವಿದ್ದರೆ ಬಳಕೆದಾರ ಹೆಸರು, ಪಾಸ್‌ವರ್ಡ್ ಅವರ ಮೂಲಕವೇ ದೊರೆಯುತ್ತವೆ.

ಹುಡುಕುವಾಗ ಇಡೀ ವಾಕ್ಯ ಬೇಡ. ‘ಗ್ರೇಪ್’, ‘ಡ್ರಿಪ್ ಇರಿಗೇಶನ್’ ಮುಂತಾದ ಮುಖ್ಯ ಪದಗಳನ್ನು ಇಂಗ್ಲಿಷಿನಲ್ಲಿ ಬರೆದು ನಡುವೆ ‘ಆ್ಯಂಡ್’ ಸೇರಿಸಿದರೆ ಎರಡೂ ಇರುವ ಲೇಖನಗಳಷ್ಟೇ ಬರುತ್ತವೆ. ವರ್ಷದ ಮಿತಿ ಹಾಕಿದರೆ ಪಟ್ಟಿ ಇನ್ನಷ್ಟು ಕಿರಿದಾಗುತ್ತದೆ.

ಯಾವ ಸದಸ್ಯತ್ವವೂ ಇಲ್ಲದವರಿಗೆ ‘ಶೋಧಗಂಗಾ’ ಉಚಿತವಾಗಿ ತೆರೆದಿದೆ. ಅಲ್ಲಿ ಕನ್ನಡದವೂ ಸೇರಿದಂತೆ ಪಿಎಚ್.ಡಿ. ಮಹಾಪ್ರಬಂಧಗಳಿದ್ದು, ಅವುಗಳ ಕೊನೆಯ ಗ್ರಂಥಋಣವೇ ಮುಂದಿನ ಹುಡುಕಾಟಕ್ಕೆ ದಿಕ್ಸೂಚಿಯಾಗುತ್ತದೆ.