ಲಕ್ಷ್ಮಣಫಲದ ಎಲೆ ಸ್ತನ ಕ್ಯಾನ್ಸರ್‌ಗೆ ಮದ್ದಾ? ಮಾರುವ ಮೊದಲು ಇದನ್ನು ಓದಿ

"ಕೀಮೋಗಿಂತ ಹತ್ತು ಸಾವಿರ ಪಟ್ಟು ಪವರ್‌ಫುಲ್" ಅಂತ ಲಕ್ಷ್ಮಣಫಲದ ಬಗ್ಗೆ ಓಡಾಡುವ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ. ನೆಲ್ಯಹುದಿಕೇರಿ, ಸಿದ್ದಾಪುರ ಕಡೆ ಹಿತ್ತಿಲಲ್ಲೋ ಕಾಫಿ ತೋಟದ ಅಂಚಲ್ಲೋ ಈ ಮರ ಇದ್ದವರ ಹತ್ತಿರ ಜನ ಎಲೆ ಕೇಳಿಕೊಂಡು ಬರ್ತಾರೆ. ಒಣಗಿಸಿ ಪುಡಿ ಮಾಡಿ ಆನ್‌ಲೈನಲ್ಲಿ ಮಾರೋಣವಾ ಅಂತ ಕೇಳುವ ಯುವ ರೈತರೂ ಇದ್ದಾರೆ. ಅದಕ್ಕೂ ಮುಂಚೆ ಲ್ಯಾಬ್ ಫಲಿತಾಂಶ ನಿಜವಾಗಿ ಏನು ಹೇಳುತ್ತೆ ಅಂತ ನೋಡೋಣ.

ಲ್ಯಾಬಿನಲ್ಲಿ ನಡೆಯೋದೇನು?

ಸ್ತನ ಕ್ಯಾನ್ಸರ್ ಸಂಶೋಧನೆಯಲ್ಲಿ ಬಹಳ ಬಳಕೆಯಾಗುವ ಕೋಶಗಳ ಹೆಸರು ಎಂಸಿಎಫ್-7. ಒಬ್ಬ ರೋಗಿಯ ದೇಹದಿಂದ ತೆಗೆದು ಬೆಳೆಸಿದ ಈ ಕೋಶಗಳ ಬಗ್ಗೆ 1973ರಲ್ಲಿ ಅಮೆರಿಕದ ಮಿಷಿಗನ್ ಕ್ಯಾನ್ಸರ್ ಫೌಂಡೇಷನ್‌ನವರು ಪ್ರಕಟಿಸಿದರು. ಅವುಗಳ ಸಂತತಿ ಇವತ್ತಿಗೂ ಪ್ರಪಂಚದ ಲ್ಯಾಬ್‌ಗಳಲ್ಲಿ ಬೆಳೀತಾ ಇದೆ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶಗಳನ್ನು ಹಾಕಿ, ಗಿಡದ ಸಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಸೇರಿಸಿ, ಒಂದೆರಡು ದಿನ ಬಿಟ್ಟು ಎಷ್ಟು ಬದುಕಿವೆ ಅಂತ ಅಳೆಯುತ್ತಾರೆ.

ಲಕ್ಷ್ಮಣಫಲದ ಸಾರ ಈ ಪರೀಕ್ಷೆಯಲ್ಲಿ ಕೋಶಗಳನ್ನು ಕೊಂದಿದೆ, ಸುಳ್ಳಲ್ಲ. ಅದರಲ್ಲಿರುವ ಅಸಿಟೋಜೆನಿನ್ ಎಂಬ ಅಂಶಗಳು ಕೋಶದ ಶಕ್ತಿ ಉತ್ಪಾದನೆಯನ್ನೇ ನಿಲ್ಲಿಸುತ್ತವೆ. ಆದರೆ ಆ "ಹತ್ತು ಸಾವಿರ ಪಟ್ಟು" ಬಂದದ್ದು 1996ರ ಒಂದು ಪ್ರಬಂಧದಿಂದ. ಅಲ್ಲಿ ಬಳಸಿದ್ದು ಎಲೆಯಲ್ಲ, ಬೀಜದಿಂದ ಬೇರ್ಪಡಿಸಿದ ಒಂದು ಶುದ್ಧ ಅಂಶ. ಪ್ರಯೋಗ ಮಾಡಿದ್ದು ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ, ಅದೂ ಲ್ಯಾಬಿನಲ್ಲಿ. ಮನುಷ್ಯರ ಮೇಲಲ್ಲ.

ತಟ್ಟೆ ಬೇರೆ, ದೇಹ ಬೇರೆ

ಕಾಳುಮೆಣಸು ಬೆಳೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ಲ್ಯಾಬ್ ತಟ್ಟೆಯಲ್ಲಿ ಟ್ರೈಕೋಡರ್ಮಾ ಸೊರಗು ರೋಗದ ಫೈಟಾಫ್ತೊರಾವನ್ನು ಚೆನ್ನಾಗಿ ತಡೆಯುತ್ತೆ. ಆದರೆ ಜುಲೈ ಮಳೆಯಲ್ಲಿ ನೀರು ನಿಂತ ಬುಡಕ್ಕೆ ಅದನ್ನೇ ಹಾಕಿ ಸುಮ್ಮನಿದ್ದರೆ ಬಳ್ಳಿ ಉಳಿಯುತ್ತಾ?

ಲೆಕ್ಕ ಹಾಕಿ ನೋಡಿ. ಮಿಲಿಲೀಟರ್‌ಗೆ 20 ಮೈಕ್ರೋಗ್ರಾಂ ಸಾರದಲ್ಲಿ ಅರ್ಧ ಕೋಶ ಸತ್ತವು ಅಂದ್ಕೊಳ್ಳಿ. ನಮ್ಮ ಸುಮಾರು 5 ಲೀಟರ್ ರಕ್ತದಲ್ಲಿ ಅಷ್ಟೇ ಸಾಂದ್ರತೆ ಬರಬೇಕಾದರೆ 100 ಮಿಲಿಗ್ರಾಂ ಸಾರ ಹೊಟ್ಟೆಯಲ್ಲಿ ಜೀರ್ಣವಾಗದೆ, ಲಿವರ್‌ನಲ್ಲಿ ಬದಲಾಗದೆ ರಕ್ತದಲ್ಲೇ ಉಳಿಯಬೇಕು. ಕಷಾಯ ಕುಡಿದರೆ ಹಾಗಾಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ.

ಇನ್ನೊಂದು ವಿಷಯ. ದಶಪರ್ಣಿ ಕಷಾಯಕ್ಕೆ ನಾವು ಸೀತಾಫಲದ ಎಲೆ ಹಾಕೋದು ಹುಳ ಸಾಯಲಿ ಅಂತ. ಲಕ್ಷ್ಮಣಫಲವೂ ಅದೇ ಕುಟುಂಬದ ಮರ. ಅದರ ಅನೊನಾಸಿನ್ ಅಂಶ ನರಕೋಶಗಳಿಗೆ ವಿಷ ಅಂತ ಪ್ರಯೋಗಗಳಲ್ಲಿ ಕಂಡಿದೆ. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆ ಟೀ ಹೆಚ್ಚು ಬಳಸುವವರಿಗೂ ಪಾರ್ಕಿನ್ಸನ್ ತರಹದ ಕಾಯಿಲೆಗೂ ನಂಟಿರಬಹುದು ಅಂತ 1999ರಲ್ಲೇ ವರದಿಯಾಗಿತ್ತು.

ಗಿಡದಿಂದ ಔಷಧಿ ಬರುವ ದಾರಿ

ಹಾಗಂತ ಗಿಡದಿಂದ ಮದ್ದು ಬರಲ್ಲ ಅಂತಲ್ಲ. ಯೂ ಮರದ ತೊಗಟೆಯಲ್ಲಿ ಸಿಕ್ಕ ಟ್ಯಾಕ್ಸಾಲ್‌ನ ರಚನೆ 1971ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ಗೆ ಅನುಮತಿ ಸಿಕ್ಕಿದ್ದು 1994ರಲ್ಲಿ.

ನಮ್ಮ ಪಶ್ಚಿಮ ಘಟ್ಟದ ನೋಥಾಪೊಡೈಟಿಸ್ ಮರದ್ದೂ ಇಂಥದ್ದೇ ಕಥೆ. ಅದರಲ್ಲಿರುವ ಕ್ಯಾಂಪ್ಟೊಥೆಸಿನ್ 1966ರಲ್ಲಿ ಚೀನಾ ಮೂಲದ ಒಂದು ಮರದಲ್ಲಿ ಮೊದಲು ಸಿಕ್ಕಿತ್ತು. ರೋಗಿಗಳಿಗೆ ಕೊಟ್ಟಾಗ ತೀವ್ರ ಅಡ್ಡಪರಿಣಾಮ ಆಗಿ ಪ್ರಯೋಗ ನಿಲ್ಲಿಸಬೇಕಾಯಿತು. ಅದರ ರೂಪ ಬದಲಿಸಿ, ಕ್ಯಾನ್ಸರ್ ಕೋಶಕ್ಕೆ ಅಂಟುವ ಪ್ರತಿಕಾಯದ ಜೊತೆ ಜೋಡಿಸಿದ ಔಷಧಿಗೆ ಒಂದು ಬಗೆಯ ಸ್ತನ ಕ್ಯಾನ್ಸರ್‌ಗಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2020ರಲ್ಲಿ. ಅಂದರೆ 54 ವರ್ಷ!

ಹಾಗಾದರೆ ನಾವೇನು ಮಾಡೋಣ?

* ಲಕ್ಷ್ಮಣಫಲವನ್ನು ಹಣ್ಣಾಗಿ ಬೆಳೀರಿ, ಹಣ್ಣಾಗಿ ಮಾರಿ. ಕೈಯಿಂದ ಪರಾಗಸ್ಪರ್ಶ ಮಾಡಿದರೆ ಕಾಯಿ ಕಟ್ಟೋದು ಹೆಚ್ಚುತ್ತೆ. ಕೊಯ್ದ ಕೆಲವೇ ದಿನಕ್ಕೆ ಮೆತ್ತಗಾಗುತ್ತೆ, ಹಾಗಾಗಿ ಜ್ಯೂಸ್ ಅಂಗಡಿಯವರನ್ನು ಮೊದಲೇ ಮಾತಾಡಿಸಿ ಇಟ್ಟುಕೊಳ್ಳಿ. ತಿರುಳು ತೆಗೆಯುವಾಗ ಬೀಜ ಪೂರ್ತಿ ತೆಗೆಯಿರಿ.

* ಪ್ಯಾಕೆಟ್ ಮೇಲಾಗಲಿ, ಇನ್‌ಸ್ಟಾಗ್ರಾಂನಲ್ಲಾಗಲಿ "ಕ್ಯಾನ್ಸರ್ ಗುಣವಾಗುತ್ತೆ" ಅಂತ ಹಾಕಬೇಡಿ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಅದು ಅಪರಾಧ.

* ಎಲೆ ಕೇಳಿ ಬಂದವರಿಗೆ ಒಂದೇ ಮಾತು ಹೇಳಿ: "ಚಿಕಿತ್ಸೆ ನಿಲ್ಲಿಸಬೇಡಿ, ಏನೇ ಕುಡಿಯೋದಾದ್ರೂ ಡಾಕ್ಟರಿಗೆ ಹೇಳಿ ಕುಡೀರಿ." ಬಿಪಿ, ಶುಗರ್ ಮಾತ್ರೆ ತಗೊಳ್ಳೋರಿಗೂ ಇದೇ ಮಾತು.

ಸ್ತನ ಕ್ಯಾನ್ಸರ್ ಬೇಗ ಪತ್ತೆಯಾದರೆ ಗುಣವಾಗುವ ಅವಕಾಶ ತುಂಬಾ ಜಾಸ್ತಿ. ಕಷಾಯ ನಂಬಿಕೊಂಡು ಆರು ತಿಂಗಳು ಕಳೆದರೆ ಆ ಅವಕಾಶ ಕೈತಪ್ಪಬಹುದು. ಒಂದು ಕಟ್ಟು ಎಲೆಯಿಂದ ಬರುವ ದುಡ್ಡಿಗೆ ಅಷ್ಟು ದೊಡ್ಡ ಬೆಲೆ ಯಾರೂ ತೆರಬಾರದು.