ನೆಂಟರ ಮದುವೆಗೆ ಯಾವ ಸೀರೆ?

ನೆಂಟರ ಮನೆಯ ಮದುವೆಯೆಂದು ನೀವು ಸಾಲ ಮಾಡಿ ಜರತಾರಿ ಸೀರೆ ಕೊಳ್ಳಬೇಕಾಗಿಲ್ಲ. ಭಾರಿ ಜರಿ ಮದುವಣಗಿತ್ತಿಗಿರಲಿ. ಹಗಲಿನ ಧಾರೆಗೆ ಸಣ್ಣ ಅಂಚಿನ ಮೈಸೂರು ಕ್ರೇಪ್ ರೇಷ್ಮೆ ಹಗುರ, ಗಂಭೀರ. ಹತ್ತಿಯ ಒಡಲು, ರೇಷ್ಮೆಯ ಸೆರಗಿನ ಇಳಕಲ್ ಸೀರೆಯೂ ಒಪ್ಪುತ್ತದೆ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸಿ ನೇಯುವುದು ಅದರ ವೈಶಿಷ್ಟ್ಯ.

ಅಪ್ಪಟ ರೇಷ್ಮೆ ಕೊಳ್ಳುವಾಗ, ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಆರಂಭಿಸಿದ ‘ಸಿಲ್ಕ್ ಮಾರ್ಕ್’ ಚೀಟಿ ಇದೆಯೇ ನೋಡಿ. ಸಂಶಯವಿದ್ದರೆ ಹಾಸು, ಹೊಕ್ಕು ಎರಡರಿಂದಲೂ ಒಂದೊಂದು ಎಳೆ ತೆಗೆದು ಬೇರೆಬೇರೆಯಾಗಿ ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಅದಕ್ಕೂ ಮೊದಲು ಮನೆಯ ಪೆಟ್ಟಿಗೆ ತೆರೆಯಿರಿ. ಅಮ್ಮನ ರೇಷ್ಮೆ ಸೀರೆ ಮಡಿಕೆಗಳಲ್ಲಿ ಸೀಳಿರದಿದ್ದರೆ, ಹೊಸ ರವಿಕೆಯೊಂದನ್ನು ಹೊಲಿಸಿದರೆ ಸಾಕು.